ಎಪಾಕ್ಸಿ ಕಲಸೋಕೆ ಮುಂಚೆ: ರೈಫಲ್ ಸ್ಟಾಕ್ ಬೆಡ್ಡಿಂಗಿಗೆ ತಯಾರಿ

ನಮ್ಮೂರ ಕಡೆ ಆಷಾಢ ಶುರುವಾದ್ರೆ ಸಾಕು, ಹಿತ್ತಲ ಬಾಗಿಲು ಚೌಕಟ್ಟಿಗೆ ಕಚ್ಕೊಂಡು ಕೂತ್ಬಿಡತ್ತೆ, ಭುಜ ಕೊಟ್ಟು ದೂಡಿದ್ರೂ ಬರಲ್ಲ, ಅದೇ ಬಾಗಿಲು ಶಿವರಾತ್ರಿ ಹೊತ್ತಿಗೆ ಒಣಗಿ ಸಂದಿ ಬಿಟ್ಕೊಂಡು ಗಾಳಿಗೆ ಪಟಪಟ ಬಡ್ಕೊಳ್ತಿರತ್ತೆ. ಮಲೆನಾಡಿನವ್ರಿಗೆ ಇದನ್ನ ಯಾರೂ ಹೇಳ್ಕೊಡಬೇಕಾಗಿಲ್ಲ. ರೈಫಲಿನ ಸ್ಟಾಕ್ ಅಂದ್ರೆ ಆ ಮರದ ಭಾಗ ಇದ್ಯಲ್ಲ, ಅದೂ ಮರಾನೇ, ಅದೂ ತೇವ ಕುಡಿದು ಹಿಗ್ಗತ್ತೆ, ಒಣಗಿ ಕುಗ್ಗತ್ತೆ. ವ್ಯತ್ಯಾಸ ಇಷ್ಟೇ, ಬಾಗಿಲು ಅರ್ಧ ಇಂಚು ಆಚೀಚೆ ಆದ್ರೂ ಮನೆ ಬಿದ್ದುಹೋಗಲ್ಲ, ರೈಫಲ್ಲಲ್ಲಿ ಕೂದಲೆಳೆಯಷ್ಟು ಆಚೀಚೆ ಆದ್ರೂ ನೂರು ಗಜ ದೂರದಲ್ಲಿ ಗುಂಡು ಬೀಳೋ ಜಾಗ ಬೇರೆ ಆಗತ್ತೆ.

ನಾನಿರೋದು ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಬೇಸಿಗೆ ಅಂದ್ರೆ ಮಂಗಳೂರಿನ ಥರ ಅಂಟು ಅಂಟು ಸೆಕೆ, ಚಳಿಗಾಲದಲ್ಲಿ ಹೀಟರ್ ಹಾಕಿ ಹಾಕಿ ಮನೆಯೊಳಗೆ ತುಟಿ ಒಡೆಯೋಷ್ಟು ಒಣ ಗಾಳಿ. ಬೇಸ್‌ಮೆಂಟಲ್ಲಿಟ್ಟ ವಾಲ್ನಟ್, ಅಂದ್ರೆ ಅಕ್ರೋಟ್ ಮರದ ಸ್ಟಾಕಿನ ರೆಮಿಂಗ್ಟನ್ 700 ರೈಫಲ್ ಜುಲೈನಲ್ಲಿ ಒಂದು ಕಡೆ ಹೊಡೆದ್ರೆ ಜಿಂಕೆ ಬೇಟೆ ಸೀಸನ್ ಹೊತ್ತಿಗೆ ಇನ್ನೊಂದು ಕಡೆ. ಹಾಗಾಗಿ ಬೆಡ್ಡಿಂಗ್ ಕಲಿಯೋ ಕೆಲಸ ತಲೆಗೆ ಬಂತು. ಮುಂದೆ ಬರೆಯೋದೆಲ್ಲ ಇಲ್ಲಿನ ಮಾತು. ಊರಲ್ಲಿ ಇರೋರು ಇದನ್ನ ಓದಿ ಅಜ್ಜನ ಕೋವಿ ಬಿಚ್ಚೋಕೆ ಹೋಗ್ಬೇಡಿ, 1959ರ ಆರ್ಮ್ಸ್ ಆಕ್ಟ್ ಪ್ರಕಾರ ಬಂದೂಕು ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು, ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರಾನೇ ಕೊಡಿ. ಕೊಡಗಿನವ್ರಿಗೆ ಇರೋ ವಿನಾಯಿತಿ ಕೋವಿ ಇಟ್ಕೊಳ್ಳೋ ವಿಷಯದ್ದು.

ಮೊದ್ಲು ಬೆಡ್ಡಿಂಗ್ ಅಂದ್ರೆ ಏನು ಅಂತ. ರೈಫಲಿನ ಕಬ್ಬಿಣದ ಭಾಗ, ಅಂದ್ರೆ ಬೋಲ್ಟ್ (ತೋಟೆಯನ್ನ ಒಳಕ್ಕೆ ತಳ್ಳಿ ಹಿಂದಿಂದ ಮುಚ್ಚೋ ಸರಳು) ಓಡಾಡೋ ಆಕ್ಷನ್ ಮತ್ತೆ ಅದಕ್ಕೆ ತಿರುಗಿಸಿ ಹಾಕಿರೋ ನಳಿಗೆ, ಇವೆರಡೂ ಮರದ ಸ್ಟಾಕಿನ ಗುಳಿಯೊಳಗೆ ಕೂತಿರತ್ತೆ, ಕೆಳಗಿಂದ ಸಾಮಾನ್ಯವಾಗಿ ಎರಡು ಸ್ಕ್ರೂ ಅದನ್ನ ಹಿಡ್ಕೊಂಡಿರತ್ತೆ. ಹೊಡೆದಾಗ ಕೋವಿ ಒದೆಯತ್ತಲ್ಲ, ಆ ಒದೆತ ಸ್ಕ್ರೂ ಮೇಲೆ ಬೀಳಬಾರ್ದು ಅಂತ ಆಕ್ಷನ್ನಿನ ಮುಂದಿನ ಭಾಗದಲ್ಲಿ ಕೆಳಕ್ಕೆ ಚಾಚಿರೋ ಒಂದು ದಪ್ಪ ಹಲ್ಲು ಕೊಟ್ಟಿರ್ತಾರೆ, ರಿಕಾಯಿಲ್ ಲಗ್ ಅಂತ ಹೆಸರು. ರೆಮಿಂಗ್ಟನ್ 700ರಲ್ಲಿ ಇದು ಬೇರೆಯೇ ಒಂದು ತುಂಡು, ನಳಿಗೆಗೂ ಆಕ್ಷನ್ನಿಗೂ ಮಧ್ಯ ವಾಷರ್ ಥರ ಸಿಕ್ಕಿಸಿರ್ತಾರೆ, ಹಳೇ ಜರ್ಮನ್ ರೈಫಲ್ ಮೌಸರ್ 98ರಲ್ಲಿ ಆಕ್ಷನ್ನಿನ ಜೊತೆಗೇ ಒಂದೇ ತುಂಡಾಗಿ ಬಂದಿರತ್ತೆ. ಆ ಹಲ್ಲಿನ ಹಿಂದಿನ ಮುಖ ಮರಕ್ಕೆ ಒತ್ತಿಕೊಂಡು ಒದೆತಾನೆಲ್ಲ ಸ್ಟಾಕಿಗೆ ದಾಟಿಸತ್ತೆ, ಸ್ಟಾಕಿಂದ ನಿಮ್ಮ ಭುಜಕ್ಕೆ.

ತೊಂದ್ರೆ ಎಲ್ಲಿ ಅಂದ್ರೆ ಫ್ಯಾಕ್ಟರೀಲಿ ಮೆಷಿನ್ನಲ್ಲಿ ಕೊರೆದ ಗುಳಿ ಆಕ್ಷನ್ನಿಗೆ ಮೈಗೆ ಮೈ ಕೂಡೋದು ಅಪರೂಪ, ಎಲ್ಲೋ ಮೂರು ನಾಲ್ಕು ಕಡೆ ಮುಟ್ಟಿರತ್ತೆ, ಉಳಿದದ್ದು ಖಾಲಿ. ಹೋಟ್ಲಲ್ಲಿ ಅಲ್ಲಾಡೋ ಟೇಬಲ್ ನೋಡಿರ್ತೀರಲ್ಲ, ಕಾಫಿ ಲೋಟ ಇಟ್ರೆ ಒಂದು ಕಡೆ ವಾಲತ್ತೆ, ಮೊಣಕೈ ಊರಿದ್ರೆ ಇನ್ನೊಂದು ಕಡೆ. ಪ್ರತಿ ಈಡಿಗೂ ಆಕ್ಷನ್ ಒಂದು ಚೂರು ಬೇರೆ ರೀತಿ ವಾಪಸ್ ಕೂತ್ರೆ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳಲ್ಲ. ಸ್ಕ್ರೂ ಬಿಗಿ ಮಾಡಿದಾಗ ಆಕ್ಷನ್ ಆ ಏರುಪೇರಿನ ಮೇಲೆ ಬಿಲ್ಲಿನ ಥರ ಬಾಗೋದೂ ಉಂಟು. ಬೆಡ್ಡಿಂಗ್ ಅಂದ್ರೆ ಆ ಖಾಲಿ ಜಾಗಕ್ಕೆ ಎಪಾಕ್ಸಿ (ರಾಳ, ಹಾರ್ಡನರ್ ಅಂತ ಎರಡು ಭಾಗ ಕಲಸಿದ್ರೆ ಗಟ್ಟಿಯಾಗೋ ಅಂಟು) ತುಂಬಿ, ಅದು ಗಟ್ಟಿಯಾಗೋ ತನಕ ಆಕ್ಷನ್ನನ್ನ ಅದರಲ್ಲೇ ಕೂರಿಸಿ, ಅದರದ್ದೇ ಪಡಿಯಚ್ಚು ತೆಗೆಯೋದು. ಮರದಷ್ಟು ತೇವಕ್ಕೆ ಎಪಾಕ್ಸಿ ಜಗ್ಗಲ್ಲ.

ಇದೇನೂ ಗುರಿಕಾರರ ಶೋಕಿ ಅಲ್ಲ. ಅಮೆರಿಕದ ಮರೀನ್ ಪಡೆ 1966ರಲ್ಲಿ ಇದೇ ರೆಮಿಂಗ್ಟನ್ 700ನ ಎಂ40 ಅನ್ನೋ ಹೆಸರಲ್ಲಿ ಸ್ನೈಪರ್ ರೈಫಲ್ ಮಾಡ್ಕೊಂಡು ವಿಯೆಟ್ನಾಮಿಗೆ ತಗೊಂಡು ಹೋಯ್ತು, ವಾಲ್ನಟ್ ಸ್ಟಾಕ್. ಅಲ್ಲಿನ ಕಾಡು, ಮಳೆ, ಹಬೆ ಎಲ್ಲ ಸೇರಿ ಮರ ಊದ್ಕೊಂಡು ಸೊಟ್ಟಗಾಗಿ ನಳಿಗೆಗೆ ಒತ್ತೋಕೆ ಶುರು ಮಾಡ್ತು. ಆಮೇಲೆ 1970ರ ದಶಕದಲ್ಲಿ ಬಂದ ಎಂ40ಎ1ರಲ್ಲಿ ಮರಾನೇ ಬಿಟ್ಟು ಫೈಬರ್‌ಗ್ಲಾಸ್ ಸ್ಟಾಕಿಗೆ ಹೋದ್ರು. ನಮ್ಮ ಹಿತ್ತಲ ಬಾಗಿಲಿನ ಕಥೇನೇ.

ನಿಮ್ಮ ರೈಫಲಿಗೆ ಇದು ಬೇಕಾ ಇಲ್ವಾ ಅಂತ ನೋಡೋಕೆ ಒಂದು ಸುಲಭ ದಾರಿ ಇದೆ. ಮೊದ್ಲು ತೋಟೆ ತುಂಬಿಡೋ ಮ್ಯಾಗಜೀನ್ ಖಾಲಿ ಮಾಡಿ, ನಳಿಗೆ ಬುಡದಲ್ಲಿ ತೋಟೆ ಕೂರೋ ಚೇಂಬರಿಗೆ ಕಣ್ಣು ಹಾಕಿ ನೋಡಿ, ಬೆರಳು ಹಾಕಿ ನೋಡಿ, ಬೋಲ್ಟ್ ತೆಗೆದು ಬೇರೆ ರೂಮಲ್ಲಿಡಿ, ತೋಟೆಗಳು ಆ ಟೇಬಲ್ ಹತ್ರಾನೂ ಇರಬಾರ್ದು. ಈಗ ರೈಫಲನ್ನ ನಳಿಗೆ ಮೇಲಕ್ಕೆ ಮಾಡಿ ನಿಲ್ಲಿಸ್ಕೊಂಡು ಸ್ಟಾಕಿನ ಮುಂದಿನ ತುದಿಗೂ ನಳಿಗೆಗೂ ಸೇರೋ ಜಾಗದಲ್ಲಿ ಬೆರಳ ತುದಿ ಇಟ್ಟು ಮುಂದಿನ ಸ್ಕ್ರೂ ನಿಧಾನಕ್ಕೆ ಸಡಿಲಿಸಿ, ಬಿಗಿ ಮಾಡಿ, ಮತ್ತೆ ಸಡಿಲಿಸಿ. ನಳಿಗೆ ಸ್ಟಾಕಿಂದ ಎದ್ದು ಬಂದ ಹಾಗೆ ಬೆರಳಿಗೆ ಗೊತ್ತಾದ್ರೆ ಆಕ್ಷನ್ ಬಾಗ್ತಿದೆ ಅಂತ ಅರ್ಥ. ಸಣ್ಣ ಅಲುಗಾಟಾನೂ ಮುಳ್ಳಲ್ಲಿ ತೋರ್ಸೋ ಡಯಲ್ ಇಂಡಿಕೇಟರ್ ಇರೋರು ಅದನ್ನೇ ಕಟ್ಟಿ ನೋಡ್ತಾರೆ, ಇಂಚಿನ ಸಾವಿರದಲ್ಲಿ ಎರಡು ಮೂರು ಪಾಲಿಗಿಂತ ಜಾಸ್ತಿ ಮುಳ್ಳು ಓಡಾಡಿದ್ರೆ ಬೆಡ್ಡಿಂಗ್ ಬೇಕು ಅಂತ ಲೆಕ್ಕ. ಹಿಂದಿನ ಸ್ಕ್ರೂಗೂ ಇದನ್ನೇ ಮಾಡಿ. ಮುಳ್ಳು ಅಲ್ಲಾಡ್ಲೇ ಇಲ್ಲ, ಗುಂಪೂ ಚೆನ್ನಾಗೇ ಬರ್ತಿದೆ ಅಂದ್ರೆ ಸುಮ್ನೆ ಇರಿ, ಚೆನ್ನಾಗಿರೋದನ್ನ ಕೆದಕ್ಬೇಡಿ.

ಬೇಕು ಅಂತಾದ್ರೆ ತಲೇಲಿ ಒಂದು ವಿಷಯ ಇಟ್ಕೊಳ್ಳಿ. ಎಪಾಕ್ಸಿಗೆ ಬುದ್ಧಿ ಇಲ್ಲ. ಎಲ್ಲಿ ಸಂದಿ ಸಿಗತ್ತೋ ಅಲ್ಲಿ ನುಗ್ಗತ್ತೆ, ಏನು ಸಿಗತ್ತೋ ಅದಕ್ಕೆ ಅಂಟತ್ತೆ. ಹಾಗಾಗಿ ಡಬ್ಬಿ ತೆಗೆಯೋ ಮುಂಚೆ ಪ್ರತಿ ಇಂಚು ಜಾಗಕ್ಕೂ ನೀವೇ ತೀರ್ಮಾನ ಮಾಡಿಟ್ಟಿರಬೇಕು: ಇಲ್ಲಿ ಅಂಟಬೇಕು, ಇಲ್ಲಿ ಮುಟ್ಟಬೇಕು ಆದ್ರೆ ಅಂಟಬಾರ್ದು, ಇಲ್ಲಿಗೆ ಬರಲೇಬಾರ್ದು. ಮರಕ್ಕೆ ಅಂಟಬೇಕು. ಕಬ್ಬಿಣಕ್ಕೆ ಮುಟ್ಟಬೇಕು ಆದ್ರೆ ಅಂಟಬಾರ್ದು. ತೂತು, ಟ್ರಿಗರ್, ಸ್ಕ್ರೂ ಮರೆ (ಅದರ ಮೈಮೇಲಿನ ಸುರುಳಿ ಗೆರೆ), ಸ್ಟಾಕಿನ ಹೊರಮೈ, ಅಲ್ಲಿಗೆಲ್ಲ ಬರಲೇಬಾರ್ದು. ಎಪಾಕ್ಸಿ ಕಲಸಿ ತುಂಬೋದು ಇಪ್ಪತ್ತು ನಿಮಿಷದ ಕೆಲಸ, ಈ ತಯಾರಿಗೆ ನನಗೆ ಎರಡು ಶನಿವಾರ ಹಿಡೀತು, ಅದರಲ್ಲೂ ಮೊದಲ್ನೇ ಸಲ ಎಡವಟ್ಟಾಯ್ತು, ಅದನ್ನ ಆಮೇಲೆ ಹೇಳ್ತೀನಿ.

ಮರದಿಂದ ಶುರು ಮಾಡೋಣ. ಎಲ್ಲಿ ಮುಟ್ತಿದೆ ಅಂತ ಮೊದ್ಲು ಗೊತ್ತಾಗ್ಬೇಕು, ಅದಕ್ಕೆ ಆಕ್ಷನ್ನಿನ ತಳಕ್ಕೆ ತೆಳ್ಳಗೆ ದೀಪದ ಮಸಿ ಎಣ್ಣೇಲಿ ಕಲಸಿ ಹಚ್ಚೋದು, ಸ್ಟಾಕಿಗೆ ಕೂರಿಸಿ ಸ್ಕ್ರೂ ಬಿಗಿ ಮಾಡಿ ತೆಗೆಯೋದು. ಮಸಿ ಎಲ್ಲಿ ಹತ್ತಿದ್ಯೋ ಅಲ್ಲಿ ಮುಟ್ಟಿದೆ. ಅಂಗಡೀಲಿ ಇದಕ್ಕೇ ಅಂತ ಬೇರೆ ಡಬ್ಬಿ ಸಿಗತ್ತೆ, ನಾನು ಹೆಂಡ್ತಿ ಕಾಡಿಗೆ ತಗೊಂಡೆ, ಬೈಸ್ಕೊಂಡೆ, ಕೆಲಸ ಆಯ್ತು. ನನ್ನ ಸ್ಟಾಕಲ್ಲಿ ಲಗ್ಗಿನ ಹಿಂದಿನ ಮುಖ ಬಲಗಡೆ ಮೂಲೇಲಿ ಮಾತ್ರ ಒಂದು ಕಡ್ಲೆ ಗಾತ್ರದ ಕಪ್ಪು ಚುಕ್ಕೆ. ಅಷ್ಟೂ ಒದೆತ ಆ ಒಂದು ಚುಕ್ಕೆ ತಗೊಳ್ತಿತ್ತು ಪಾಪ.

ಆಮೇಲೆ ಮರ ಕೆತ್ತೋದು. ಎಪಾಕ್ಸಿಗೆ ಒಂದು ದಪ್ಪ ಬೇಕು, ಬಣ್ಣದ ಥರ ತೆಳ್ಳಗೆ ಬಳಿದ್ರೆ ಒದೆತಕ್ಕೆ ಬಿರುಕು ಬಿಟ್ಟು ಸಿಪ್ಪೆ ಏಳತ್ತೆ. ಹಾಗಾಗಿ ಲಗ್ ಕೂರೋ ಗುಂಡಿ, ಅದರ ಹಿಂದೆ ಆಕ್ಷನ್ನಿನ ಮುಂಭಾಗ ಕೂರೋ ಜಾಗ, ಮತ್ತೆ ತೀರಾ ಹಿಂದೆ ಬಾಲದ ಥರ ಇರೋ ಟ್ಯಾಂಗ್ ಕೂರೋ ಜಾಗ, ಇಲ್ಲೆಲ್ಲ ಇಂಚಿನ ಹದಿನಾರನೇ ಒಂದು ಪಾಲಿಂದ ಎಂಟನೇ ಒಂದು ಪಾಲಿನ ತನಕ, ಅಂದ್ರೆ ಒಂದೂವರೆಯಿಂದ ಮೂರು ಮಿಲಿಮೀಟರ್ ಮರ ತೆಗೀಬೇಕು. ಕೈಯಲ್ಲಿ ಹಿಡಿಯೋ ಕರೆಂಟಿನ ಡ್ರೆಮೆಲ್ ಮೆಷಿನ್ ಬೇಗ ಕೆಲಸ ಮಾಡತ್ತೆ, ಬೇಗ ಕೆಲಸ ಕೆಡಿಸತ್ತೆ ಕೂಡ, ನನಗೆ ಚೂಪಾದ ಉಳೀನೇ ಇಷ್ಟ, ನಮ್ಮೂರ ಆಚಾರ್ರು ಕೂದಲು ಬೋಳಿಸೋ ಹಾಗೆ ಕೀಸ್ತಿದ್ರಲ್ಲ ಹಾಗೆ ಸುರುಳಿ ಸುರುಳಿಯಾಗಿ ತೆಗೀತಾ ಹೋದ್ರೆ ಎಷ್ಟು ತೆಗೆದೆ ಅಂತ ಕೈಗೇ ಗೊತ್ತಿರತ್ತೆ. ಧೂಳು ಬಂದ್ರೆ ಮಾಸ್ಕ್ ಹಾಕಿ, ವಾಲ್ನಟ್ ಧೂಳು ಮೂಗಿಗೆ ಒಳ್ಳೇದಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಹೊಸಬರು ಎಡವೋದು ಇಲ್ಲೇ. ಎಲ್ಲ ಮರ ಕೆತ್ತಿಬಿಟ್ರೆ ಆಕ್ಷನ್ ಎಷ್ಟು ಎತ್ತರದಲ್ಲಿ ಕೂರಬೇಕು ಅಂತ ಹೇಳೋಕೆ ಯಾರಿರ್ತಾರೆ? ಎಪಾಕ್ಸಿ ಮೆತ್ತಗಿರತ್ತೆ, ಆಕ್ಷನ್ ಅದರೊಳಗೆ ಮುಳುಗಿ ಹೋಗತ್ತೆ, ಓರೆಯಾಗತ್ತೆ, ಮ್ಯಾಗಜೀನ್ ತಾಗತ್ತೆ. ಅದಕ್ಕೆ ಮುಂದಿನ ಸ್ಕ್ರೂ ತೂತಿನ ಸುತ್ತ ಒಂದು ಸಣ್ಣ ದಿಬ್ಬ, ಟ್ಯಾಂಗ್ ಹತ್ರ ಒಂದು ಸಣ್ಣ ದಿಬ್ಬ, ಫ್ಯಾಕ್ಟರಿ ಎತ್ತರದಲ್ಲೇ ಹಾಗೇ ಉಳಿಸ್ಕೊಬೇಕು. ಗದ್ದೆ ಮಟ್ಟ ಮಾಡೋವಾಗ ಎಷ್ಟು ಅಗೆದಿದೀವಿ ಅಂತ ಅಳೆಯೋಕೆ ಅಲ್ಲಲ್ಲಿ ಮಣ್ಣಿನ ಗುಡ್ಡೆ ಬಿಡ್ತಾರಲ್ಲ, ಹಾಗೆ. ಮೇಲಿನ ಅಂಚಲ್ಲೂ ಕಣ್ಣಿಗೆ ಕಾಣೋ ಗೆರೆ ಕೆಡದ ಹಾಗೆ ಒಂದು ತೆಳು ಗೋಡೆ ಬಿಡಿ, ಇಲ್ಲಾಂದ್ರೆ ಹೊರಗಿಂದ ನೋಡಿದ್ರೆ ಆಕ್ಷನ್ನಿನ ಪಕ್ಕ ಎಪಾಕ್ಸಿ ಪಟ್ಟಿ ಎದ್ದು ಕಾಣತ್ತೆ.

ಕೆತ್ತಿದ ಮೇಲೆ ನುಣ್ಣಗೆ ಮಾಡ್ಬೇಡಿ, ಒರಟಾಗೇ ಇರ್ಲಿ. ಲಗ್ ಗುಂಡಿಯ ಗೋಡೆಯಲ್ಲಿ ಸಣ್ಣ ಬಿಟ್ ಹಾಕಿ ಓರೆಯಾಗಿ ನಾಲ್ಕೈದು ಆಳವಿಲ್ಲದ ತೂತು ಕೊರೆದ್ರೆ ಎಪಾಕ್ಸಿ ಒಳಗೆ ಹೋಗಿ ಬೇರು ಬಿಟ್ಟ ಹಾಗೆ ಹಿಡ್ಕೊಳ್ಳತ್ತೆ, ಹೊರಗೆ ತೂತು ಬೀಳದ ಹಾಗೆ ನೋಡ್ಕೊಳ್ಳಿ ಅಷ್ಟೇ. ಪ್ಲಾಸ್ಟಿಕ್ ಸ್ಟಾಕ್ ಇರೋರಿಗೆ ಈ ತೂತುಗಳೇ ಗತಿ, ಅಚ್ಚಲ್ಲಿ ಒತ್ತಿದ ಅಗ್ಗದ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಅಂಟೋದೇ ಕಷ್ಟ.

ಆಮೇಲೆ ಎಣ್ಣೆ. ಎಣ್ಣೆ ಕುಡಿದ ಮರಕ್ಕೆ ಯಾವ ಎಪಾಕ್ಸಿನೂ ಹಿಡಿಯಲ್ಲ. ವರ್ಷಗಟ್ಟಲೆ ಬಂದೂಕಿನ ಎಣ್ಣೆ ಇಳಿದು ಇಳಿದು ಟ್ಯಾಂಗ್ ಹತ್ರ ಮರ ಕಪ್ಪಗಾಗಿರೋದನ್ನ ಹಳೇ ಸ್ಟಾಕುಗಳಲ್ಲಿ ನೋಡ್ಬಹುದು, ನಿಂತ ಮೂಲೆಯಲ್ಲೇ ನಿಂತಿದ್ರೆ ಎಣ್ಣೆ ಎಲ್ಲ ಕೆಳಕ್ಕೇ ತಾನೆ ಇಳಿಯೋದು. ಅಸಿಟೋನಲ್ಲಿ ಚಾಕ್ ಪುಡಿ ಕಲಸಿ ಹಿಟ್ಟಿನ ಥರ ಮೆತ್ತಿ ಒಣಗೋಕೆ ಬಿಟ್ರೆ ಎಣ್ಣೆ ಮೇಲಕ್ಕೆ ಎಳ್ಕೊಂಡು ಪುಡಿ ಹಳದಿಯಾಗತ್ತೆ, ಕೆರೆದು ಮತ್ತೆ ಮೆತ್ತಿ, ಪುಡಿ ಬಿಳೀನೇ ಉಳಿಯೋ ತನಕ. ಕಿಟಕಿ ತೆಗೆದಿಡಿ, ಹತ್ರ ಬೆಂಕಿ ಬೇಡ.

ಸ್ಕ್ರೂ ತೂತುಗಳು. ರೆಮಿಂಗ್ಟನ್ 700ರ ಆಕ್ಷನ್ ಸ್ಕ್ರೂ ಕಾಲು ಇಂಚಿಂದು, ಇಂಚಿಗೆ 28 ಮರೆ. ಸ್ಟಾಕಿನ ತೂತಿನ ಗೋಡೆಗೆ ಈ ಸ್ಕ್ರೂ ತಾಗ್ತಿದ್ರೆ ಒದೆತ ಲಗ್ಗಿಗೆ ಹೋಗೋ ಬದ್ಲು ಸ್ಕ್ರೂಗೆ ಹೋಗತ್ತೆ, ನಾವು ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ. ಹಾಗಾಗಿ ತೂತು ಒಂದು ಚೂರು ದೊಡ್ಡದು ಮಾಡಿ, ಸುತ್ತ ಗಾಳಿ ಆಡ್ಬೇಕು. ಜೊತೆಗೆ ಪಿಲ್ಲರ್ ಹಾಕೋರು ಹಾಕ್ತಾರೆ, ಅಂದ್ರೆ ಸ್ಕ್ರೂ ಹಾದು ಹೋಗೋ ಜಾಗದಲ್ಲಿ ಅಲ್ಯೂಮಿನಿಯಂ ಕೊಳವೆ, ಮೇಲೆ ಆಕ್ಷನ್ನಿಗೆ ಕೆಳಗೆ ಟ್ರಿಗರ್ ಗಾರ್ಡಿಗೆ ಮುಟ್ಟೋ ಹಾಗೆ. ಮರದ ಮೇಲೆ ಸ್ಕ್ರೂ ಬಿಗಿ ಮಾಡಿದ್ರೆ ಮರ ಅಮುಕ್ಕೊಳ್ಳತ್ತೆ, ಎರಡು ತಿಂಗಳು ಬಿಟ್ಟು ನೋಡಿದ್ರೆ ಸ್ಕ್ರೂ ಸಡಿಲ, ಪಿಲ್ಲರಿದ್ರೆ ಕಬ್ಬಿಣ ಅಲ್ಯೂಮಿನಿಯಂ ಕಬ್ಬಿಣ, ಅಮುಕೋ ಮಾತೇ ಇಲ್ಲ. ಪಿಲ್ಲರ್ ಇದ್ರೆ ಎತ್ತರ ಹೇಳೋ ದಿಬ್ಬದ ಕೆಲಸಾನೂ ಅದೇ ಮಾಡತ್ತೆ. ನನ್ನ ಕೇಳಿದ್ರೆ ಹೇಗೂ ಕೈ ಹಾಕಿದ್ಮೇಲೆ ಪಿಲ್ಲರ್ ಹಾಕ್ಬಿಡಿ.

ನಳಿಗೆ ವಿಷಯ ಸುಲಭ. ನಳಿಗೆ ಸ್ಟಾಕಿಗೆ ಎಲ್ಲೂ ತಾಗಬಾರ್ದು, ಒಂದು ನೋಟು ಮಡಚಿ ನಳಿಗೆ ಕೆಳಗೆ ತೂರಿಸಿ ಆಕ್ಷನ್ ತನಕ ಎಳೆದ್ರೆ ಸರಾಗ ಬರಬೇಕು. ಬೆಡ್ಡಿಂಗ್ ಮಾಡೋವಾಗ ಅದು ಚಾನಲಿನ, ಅಂದ್ರೆ ಸ್ಟಾಕಲ್ಲಿ ನಳಿಗೆಗೆ ಅಂತ ಕೊರೆದ ಉದ್ದ ಗುಳಿಯ, ನಟ್ಟ ನಡುವೆ ನಿಲ್ಲೋಕೆ ಸ್ಟಾಕಿನ ಮುಂದಿನ ತುದಿ ಹತ್ರ ನಳಿಗೆಗೆ ಎಲೆಕ್ಟ್ರಿಕಲ್ ಟೇಪ್ ಸುತ್ತಿ ಸುತ್ತಿ ಸರಿಯಾಗಿ ಕೂರೋಷ್ಟು ದಪ್ಪ ಮಾಡಿ. ಈಗ ಆಕ್ಷನ್ನಿಗೆ ಹಿಂದೆ ಟ್ಯಾಂಗ್ ದಿಬ್ಬ, ಮಧ್ಯ ಮುಂದಿನ ದಿಬ್ಬ, ಮುಂದೆ ಟೇಪ್, ಮೂರು ಕಡೆ ಆಧಾರ ಸಿಕ್ತು.

ಈಗ ಕಬ್ಬಿಣದ ಕಡೆ, ನನ್ನ ಎಡವಟ್ಟಿನ ಕಡೆ.

ಗಣೇಶನ ಅಚ್ಚು ನೋಡಿದೀರಲ್ಲ, ಮಣ್ಣು ಒತ್ತಿ ತೆಗೆಯೋದು. ಅಚ್ಚಲ್ಲಿ ಎಲ್ಲಾದ್ರೂ ಒಳಕ್ಕೆ ಕೊಕ್ಕೆ ಥರ ತಿರುಗಿದ್ರೆ ಮೂರ್ತಿ ಹೊರಗೆ ಬರಲ್ಲ, ಎಣ್ಣೆ ಎಷ್ಟೇ ಸವರಿರಿ. ಮೆಕ್ಯಾನಿಕಲ್ ಲಾಕ್ ಅಂತ ಹೇಳೋದು ಇದನ್ನೇ. ಆಕ್ಷನ್ನಿನ ತಳ ನೋಡಿದ್ರೆ ಟ್ರಿಗರ್ ಪಿನ್ ತೂತು, ಬೋಲ್ಟನ್ನ ತಡೆಯೋ ಬೋಲ್ಟ್ ಸ್ಟಾಪ್ ಇರೋ ಸಂದಿ, ಮ್ಯಾಗಜೀನ್ ಬಾಯಿ, ಎಲ್ಲ ಬರೀ ತೂತು. ಎಪಾಕ್ಸಿ ಇದರೊಳಗೆ ಹೋಗಿ ಗಟ್ಟಿಯಾದ್ರೆ ಕೀಲು ಜಡಿದ ಹಾಗೆ. ಅದಕ್ಕೆ ಟ್ರಿಗರ್ ಪೂರ್ತಿ ಬಿಚ್ಚಿ ತೆಗೆದಿಟ್ಟು, ಮಕ್ಕಳು ಆಡೋ ಎಣ್ಣೆ ಜೇಡಿ ಇರತ್ತಲ್ಲ ಅದನ್ನ ಎಲ್ಲ ತೂತಿಗೂ ತುಂಬಿ ಬ್ಲೇಡಲ್ಲಿ ಮೈಮಟ್ಟಕ್ಕೆ ಕೀಸಿ ತೆಗೀಬೇಕು. ಸ್ಟಾಕಿನ ಕಡೆಯೂ ಮ್ಯಾಗಜೀನ್ ಗುಳಿ, ಟ್ರಿಗರ್ ಗುಳಿಗೆ ಜೇಡಿಯಲ್ಲಿ ಸಣ್ಣ ಒಡ್ಡು ಕಟ್ಟಿ, ಎಪಾಕ್ಸಿ ಹರಿದು ಹೋಗದ ಹಾಗೆ.

ನಾನು ಎಲ್ಲ ತುಂಬಿದೆ, ಒಂದು ಟ್ರಿಗರ್ ಪಿನ್ ತೂತು ಬಿಟ್ಟು. ಬೆಂಡೆಕಾಯಿ ಬೀಜದಷ್ಟು ತೂತು. ಮಾರನೇ ದಿನ ಆಕ್ಷನ್ ಬರ್ಲೇ ಇಲ್ಲ. ರಬ್ಬರ್ ಸುತ್ತಿಗೇಲಿ ತಟ್ಟಿದೆ, ದೇವ್ರಿಗೆ ಹರಕೆ ಹೇಳ್ಕೊಂಡೆ, ಕೊನೆಗೆ ಗ್ಯಾರೇಜಲ್ಲಿರೋ ಡೀಪ್ ಫ್ರೀಜರಿಂದ ತೆಂಗಿನಕಾಯಿ ತುರಿ, ನುಗ್ಗೆಕಾಯಿ, ಊರಿಂದ ಬಂದಿದ್ದ ಹಲಸಿನ ತೊಳೆ ಎಲ್ಲ ಹೊರಗಿಟ್ಟು ರೈಫಲನ್ನ ಕಂಬಳಿ ಸುತ್ತಿದ ಮಗುವಿನ ಥರ ಓರೆಯಾಗಿ ಮಲಗಿಸಿ ರಾತ್ರಿಯಿಡೀ ಬಿಟ್ಟೆ. ತಣ್ಣಗಾದಾಗ ಕಬ್ಬಿಣ, ಎಪಾಕ್ಸಿ ಬೇರೆ ಬೇರೆ ಲೆಕ್ಕದಲ್ಲಿ ಕುಗ್ಗತ್ತೆ, ಅಂಟು ಬಿಡೋ ಚಾನ್ಸ್ ಇರತ್ತೆ. ಬೆಳಿಗ್ಗೆ ತೆಗೆದು ತಟ್ಟಿದಾಗ ಪಟ್ ಅಂತ ಶಬ್ದ ಬಂತು, ಆ ಸಣ್ಣ ಕೀಲು ಮುರಿದು ಆಕ್ಷನ್ ಎದ್ದು ಬಂತು. ಎದೆ ಒಡೆದೇಹೋಯ್ತು ಅನ್ಕೊಂಡಿದ್ದೆ, ಆದ್ರೆ ಸ್ಟಾಕಿಗೆ ಏನೂ ಆಗಿರ್ಲಿಲ್ಲ. ತೆಂಗಿನ ತುರಿ ಮಾತ್ರ ಕೆಟ್ಟಿತ್ತು.

ಲಗ್ಗಿಗೆ ಟೇಪ್ ಹಾಕೋದು ಮರೀಬೇಡಿ. ಲಗ್ಗಿನ ಮುಂದಿನ ಮುಖ, ಎರಡು ಪಕ್ಕ, ತಳ, ಈ ನಾಲ್ಕಕ್ಕೂ ಒಂದೆರಡು ಪದರ ಟೇಪ್ ಹಚ್ಚಿ ಅಂಚು ಚೂಪಾಗಿ ಕತ್ತರಿಸಿ. ಹಿಂದಿನ ಮುಖಕ್ಕೆ ಮಾತ್ರ ಹಚ್ಚಬಾರ್ದು. ಆಮೇಲೆ ಟೇಪ್ ಕಿತ್ತಾಗ ಆ ದಪ್ಪದಷ್ಟು ಸಂದಿ ಉಳಿಯತ್ತೆ, ಲಗ್ಗು ಒದೆತ ತಗೊಳ್ಳೋ ಹಿಂದಿನ ಮುಖಕ್ಕೆ ಮಾತ್ರ ಮೈಗೆ ಮೈ ಕೂರತ್ತೆ, ಮಿಕ್ಕ ಕಡೆ ಬಿಡುವು. ಈ ಬಿಡುವಿಲ್ಲದೆ ಇದ್ರೆ ಪ್ರತಿ ಸಲ ಆಕ್ಷನ್ ತೆಗೆದು ಹಾಕೋವಾಗ ಲಗ್ಗಿನ ಮೂಲೆ ಎಪಾಕ್ಸೀನ ಕೆರೆಯತ್ತೆ, ಗುಂಡಿ ತಳಕ್ಕೆ ಒಂದು ಕಸ ಬಿದ್ರೂ ಆಕ್ಷನ್ ಎತ್ತಿ ಹಿಡಿಯತ್ತೆ.

ಇನ್ನು ರಿಲೀಸ್ ಏಜೆಂಟ್, ಅಂದ್ರೆ ಎಪಾಕ್ಸಿ ಕಬ್ಬಿಣಕ್ಕೆ ಅಂಟದ ಹಾಗೆ ಹಚ್ಚೋದು. ಹಲಸಿನ ಹಣ್ಣು ಕೊಯ್ಯೋ ಮುಂಚೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರೋದು ಯಾಕೆ ಅಂತ ಗೊತ್ತಿರೋರಿಗೆ ಇದನ್ನ ವಿವರಿಸೋದೇ ಬೇಡ, ಇದು ಅದೇ, ಹಲಸಿನ ಮೇಣದ ಬದ್ಲು ಎಪಾಕ್ಸಿ. ಎಪಾಕ್ಸಿ ಜೊತೆಗೇ ಬರೋ ದ್ರವ ಹಚ್ಚಬಹುದು, ಇಲ್ಲಾ ಬಣ್ಣ ಇಲ್ಲದ ಮೇಣದ ಶೂ ಪಾಲಿಶ್. ನಾನು ಶೂ ಪಾಲಿಶ್ ಪಾರ್ಟಿ. ಆಕ್ಷನ್, ಲಗ್, ನಳಿಗೆ ಬುಡ, ಎಪಾಕ್ಸಿ ಮುಟ್ಟಬಹುದಾದ ಎಲ್ಲ ಕಡೆ, ಮುಟ್ಟಲ್ಲ ಅಂತ ನಿಮಗೆ ಗ್ಯಾರಂಟಿ ಇರೋ ಕಡೆ ಕೂಡ, ತೆಳ್ಳಗೆ ಹಚ್ಚಿ, ಒಣಗಿಸಿ, ಬಟ್ಟೇಲಿ ಉಜ್ಜಿ ಹೊಳಪು ಬರಿಸಿ, ಹೀಗೆ ಮೂರು ಸಲ. ದಪ್ಪಗೆ ಹಚ್ಚಿದ್ರೆ ಆ ದಪ್ಪಾನೂ ಅಚ್ಚಲ್ಲಿ ಮೂಡತ್ತೆ. ಸ್ಕ್ರೂಗಳಿಗೆ, ಅದರ ಮರೆಗಳಿಗೆ ಮಾತ್ರ ಧಾರಾಳವಾಗಿ ಮೆತ್ತಿ. ಆದ್ರೆ ಆ ಕೈಯಲ್ಲೇ ಕೆತ್ತಿದ ಮರ ಮುಟ್ಬೇಡಿ, ಮರಕ್ಕೆ ಮೇಣ ಹತ್ತಿದ್ರೆ ಅಲ್ಲಿ ಎಪಾಕ್ಸಿ ಹಿಡಿಯಲ್ಲ, ಎರಡೂ ಕೆಲಸ ಒಂದೇ ಟೇಬಲ್ಲಲ್ಲಿ ಮಾಡದೆ ಇದ್ರೆ ಇನ್ನೂ ಒಳ್ಳೇದು.

ಸ್ಟಾಕಿನ ಹೊರಮೈಗೆ ಅಂಚಿನ ತನಕ ಮಾಸ್ಕಿಂಗ್ ಟೇಪ್ ಹಚ್ಚಿ, ಎಪಾಕ್ಸಿ ಉಕ್ಕಿ ಹೊರಗೆ ಬರೋದು ಖಂಡಿತ, ಬರದೆ ಇದ್ರೆ ಕಮ್ಮಿ ಹಾಕಿದೀರಿ ಅಂತ.

ಈಗ ಎಪಾಕ್ಸಿ ಇಲ್ಲದೆ ಒಂದು ಸಲ ಪೂರ್ತಿ ಜೋಡಿಸಿ ನೋಡಿ, ಮದುವೆ ಮನೇಲಿ ಎಲೆ ಹಾಕೋ ಮುಂಚೆ ಯಾರು ಎಲ್ಲಿ ಬಡಿಸೋದು ಅಂತ ಒಂದು ಸಲ ನೋಡ್ಕೊಳ್ಳಲ್ವಾ, ಹಾಗೆ. ಆಕ್ಷನ್ ಸಲೀಸಾಗಿ ಇಳಿಯತ್ತಾ, ಟೇಪ್ ಎಲ್ಲಾದ್ರೂ ಸುಕ್ಕಾಗ್ತಿದ್ಯಾ, ಸ್ಕ್ರೂ ನೇರ ಹೋಗತ್ತಾ, ವೈಸ್‌ನಲ್ಲಿ ಸ್ಟಾಕ್ ಮಟ್ಟಸವಾಗಿ ಕೂತಿದ್ಯಾ. ಮುಂದೆ ನಿಜವಾಗಿ ಮಾಡೋವಾಗ ಸ್ಕ್ರೂ ಜೋರಾಗಿ ಬಿಗಿ ಮಾಡಬಾರ್ದು, ಮಾಡಿದ್ರೆ ಬಾಗಿದ ಆಕ್ಷನ್ನಿನ ಅಚ್ಚೇ ಮೂಡತ್ತೆ, ಇಷ್ಟೂ ಕೆಲಸ ಯಾವುದನ್ನ ತಪ್ಪಿಸೋಕೆ ಮಾಡಿದ್ವೋ ಅದನ್ನೇ ಶಾಶ್ವತ ಮಾಡಿದ ಹಾಗೆ. ನಾನು ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಆಕ್ಷನ್ ಸ್ಟಾಕ್ ಸೇರಿಸಿ ಸುತ್ತುತೀನಿ, ಸ್ಕ್ರೂ ಬರೀ ದಾರಿ ತೋರ್ಸೋಕೆ. ಪೂರ್ತಿ ಬಿಗಿ ಮಾಡೋದೆಲ್ಲ ಎಪಾಕ್ಸಿ ಗಟ್ಟಿಯಾಗಿ ಎಲ್ಲ ಕ್ಲೀನ್ ಮಾಡಿ ಮತ್ತೆ ಜೋಡಿಸೋವಾಗ.

ಗ್ಲೌಸ್ ನೈಟ್ರೈಲ್‌ದು ಹಾಕಿ, ಹಾರ್ಡನರ್ ಮೈಗೆ ಹತ್ತಿ ಹತ್ತಿ ಕೆಲವ್ರಿಗೆ ಅಲರ್ಜಿ ಬರತ್ತೆ, ಒಂದ್ಸಲ ಬಂದ್ರೆ ಆಮೇಲೆ ವಾಸನೆ ತಗೊಂಡ್ರೂ ತುರಿಕೆ. ರೂಮು 20 ಡಿಗ್ರಿ ಸೆಲ್ಸಿಯಸ್ ಮೇಲಿರ್ಲಿ, ಚಳೀಲಿ ಗ್ಯಾರೇಜಲ್ಲಿ ಮಾಡಿದ್ರೆ ಎರಡು ದಿನ ಆದ್ರೂ ಹಸಿಹಸಿ ಇರತ್ತೆ. ಬ್ರೌನೆಲ್ಸ್‌ನೋರ ಆಕ್ರಾಗ್ಲಾಸ್ ಜೆಲ್ ಅನ್ನೋ ಎಪಾಕ್ಸಿ ಆದ್ರೆ ರಾಳ, ಹಾರ್ಡನರ್ ಎರಡೂ ಸಮಸಮ ಅಳತೆ, ಅದೇ ಕಂಪನಿಯ ನೀರಾಗಿರೋ ಆಕ್ರಾಗ್ಲಾಸ್ ಆದ್ರೆ ನಾಲ್ಕು ಪಾಲು ರಾಳಕ್ಕೆ ಒಂದು ಪಾಲು ಹಾರ್ಡನರ್, ಹೊಸಬರಿಗೆ ಜೆಲ್ಲೇ ವಾಸಿ, ಹಚ್ಚಿದ ಕಡೆ ನಿಲ್ಲತ್ತೆ. ಗುಳ್ಳೆ ಏಳದ ಹಾಗೆ ನಿಧಾನ ಕಲಸಿ, ಲೋಟದ ಗೋಡೆ, ತಳ ಕೆರೆದು ಕೆರೆದು ಕಲಸಿ. ಎಲ್ಲ ಮುಗಿದ ಮೇಲೆ ಆ ಪೇಪರ್ ಲೋಟ ಬಿಸಾಕ್ಬೇಡಿ. ಉಳಿದ ಚೂರು ಎಪಾಕ್ಸಿ ಸಮೇತ ರೈಫಲ್ ಪಕ್ಕದಲ್ಲೇ ಇಟ್ಟಿರಿ, ಮಾರನೇ ದಿನ ಮೊದ್ಲು ಅದಕ್ಕೆ ಉಗುರು ಊರಿ ನೋಡಿ. ಉಗುರಿನ ಗುರುತು ಬಿದ್ರೆ ರೈಫಲ್ ಮುಟ್ಬೇಡಿ, ಹೋಗಿ ಕಾಫಿ ಕುಡೀರಿ.